ಮಸ್ಕಿ ಗುಡ್ಡದ ಮ್ಯಾಲ ಬಿಚ್ಚಿದ ಹೊಲಿಗಿ

...ಅಲ್ಲಾನ ಆಣಿ, ಅರ್ಜುಮಂದ್, ಇದರಾಗ ಒಂದ ಮಾತೂ ಸುಳ್ಳಿಲ್ಲ. ಮಷೀನ್ ನಿಲ್ಲಿಸು ಬೇಟಿ. ಬಲೂನ್ ಕಂಪನಿಯವರಿಗೆ ಏನ್ ಹೇಳಿ ಬಂದ್ರಿ ಅಂತ ಆಮ್ಯಾಲ ಕೇಳುವಂತಿ. ಮೊದಲು ನಿಮ್ಮ ಚಾಚಾ ಅಲ್ಲಾಭಕ್ಷ್ ಬಲೂನಿನಾಗ ಮಸ್ಕಿ ಗುಡ್ಡ ದಾಟಿದ್ದು ಕೇಳು.

ಯಾಕ ನಗ್ತಿ? ಕೆಳಗ ನಿಂತವರಿಗೆ ಅದು ಗುಡ್ಡ. ಬಲೂನಿನ ಬುಟ್ಟ್ಯಾಗ ನಿಂತವನಿಗೆ ಹಿಮಾಲಯದ ಅಣ್ಣ! ಇವತ್ತು ಹೊತ್ತು ಮೂಡೋ ಮುಂದ ಏರಿದಿವಿ, ನಾನು ಮತ್ತ ಬಲೂನ್ ನಡಸೋ ವೀರೇಶ. ಹರಿದ ಬಲೂನ್ ಹೊಲಿದುಕೊಟ್ಟ ಅಂಗಡಿಯವರಂತ ನನಗ ಪುಕ್ಕಟೆ ಸವಾರಿ. ಸಿಂಧನೂರಿನ ಕಾಲುವಿ ನಿನ್ನ ಕೊರಳಾಗಿನ ಟೇಪಿನಂಗ ಕಾಣ್ತಿತ್ತು. ಗುರುಗುಂಟಾದ ಕುರಿ ಎಣಿಸೀನಿ, ನಾಕನೂರಾ ಹನ್ನೊಂದು. ಒಂದು ಕುಂಟತಿತ್ತು. ಹದ್ದೊಂದು ಬುಟ್ಟಿ ಅಂಚಿಗೆ ಕುಂತು, ಚಾಚಾ ದಾರಿ ಯಾವುದು ಅಂತ ನನ್ನ ಕೇಳ್ತು.

ಹ್ಞೂಂ, ನಗು. ನೀ ನಕ್ಕರ ಚಲೋ.

ಆಗ ಸಪ್ಪಳ ಆತು. ಮ್ಯಾಲ, ಅರಿವ್ಯಾಗ. ಸರ್... ಸರ್ ಸರ್... ವೀರೇಶ ತಲಿ ಎತ್ತಿ ನೋಡಿದ. ಬೆಂಕಿ ಜೋರು ಮಾಡಿದ. ಬುಟ್ಟಿ ಏರಲಿಲ್ಲ, ಇಳೀತು. ಗುಡ್ಡದ ನೆತ್ತಿ ಮ್ಯಾಲಿನ ಬಂಡೆಗಲ್ಲು ಎದಿ ಮಟ್ಟಕ್ಕ ಬರಾಕತ್ತಿತ್ತು. 'ಕಾಕಾ, ಕುಂದ್ರು, ಹಗ್ಗ ಹಿಡಿ' ಅಂದ. ನಾ ಕುಂದರ್ತೀನೇನು? ಕಾಲು ಹೊರಗ ಚಾಚಿ ಬಂಡೆ ಒದ್ದೆ ನೋಡು, ಗುಡ್ಡಾನ ಆಚಿಗೆ ಸರೀತು.

ಹಂಗ್ಯಾಕ ನೋಡ್ತಿ? ಸರೀತು ಅಂದ್ರ ಸರೀತು.

ಆಚಿ ಮಗ್ಗಲ ತೊಗರಿ ಹೊಲದಾಗ ಬಿದ್ದಿವಿ. ನನ್ನ ಮೊಣಕೈ ತರಚೇತಿ, ಅಷ್ಟ. ವೀರೇಶಗ... ಕಾಲು ಮುರದೇತಿ. ಲಿಂಗಸುಗೂರು ದವಾಖಾನ್ಯಾಗ ಅದಾನ. ಮಾತಾಡಾಕತ್ತಾನ, ಜೀವಕ್ಕ ಏನಿಲ್ಲ.

ಕಂಪನಿಯವರಾ... ತೇಪಿ ಯಾರು ಹಾಕಿದ್ರು ಅಂತ ಕೇಳಿದ್ರು. ಈ ಅಂಗಡ್ಯಾಗ ಹೊಲಿಯಾಕಿ ನೀನಽ ಅಲ್ಲೇನು? ನಮ್ಮ ಅಣ್ಣನ ಮಗಳು ಅಂದೆ. ಸಂಜೀಕ ಬರ್ತಾರಂತ... ನಿನಗ ಕೊಡಬೇಕಂದಿದ್ದ ಬಲೂನ್ ಹೊಲಿಯೋ ನೌಕರಿ ಇನ್ನ ಕೊಡೂದಿಲ್ಲ ಅಂತ ಹೇಳಾಕ. ಹೋಗ್ಲಿ ಬಿಡು. ಇಷ್ಟು ದಿನ ಕುಬಸ ಹೊಲಿದು ಬದುಕಿಲ್ಲೇನು ನಾವು?

ಏನದು ಕೈಯಾಗ?

ಅದು... ಬಲೂನಿನ ತೇಪಿ ತುಂಡು, ಹೊಲದಾಗಿಂದ ತಂದು ಮಂಚದ ಕೆಳಗ ಇಟ್ಟಿದ್ದೆನಲ್ಲ, ನಿನಗ ಹೆಂಗ ಸಿಕ್ತು? ಇಲ್ಲಿ ಕೊಡು. ದಾರ ಜಗ್ಗಬ್ಯಾಡ. ಜಗ್ಗಬ್ಯಾಡ ಬೇಟಿ...

ಉಳಿದ ಹೊಲಿಗೀನೂ ಪೂರಾ ಬಿಚ್ಚಿ ಬಂತು. ಭತ್ತದ ಚೀಲದ ಬಾಯಿ ಬಿಚ್ಚಿದಂಗ.

ಬೈಯಿ.

ನೀ ಬಳಗಾನೂರಿಗೆ ಲಗ್ನಕ್ಕ ಹೊಂಟಾಗ ಹೇಳಿದ್ದಿ, ಚಾಚಾ ಮುಟ್ಟಬ್ಯಾಡ್ರಿ, ಬಂದು ನಾನಽ ಹೊಲೀತೀನಿ ಅಂತ. ಕಂಪನಿಯವರು ಅವಸರ ಮಾಡಿದ್ರು. ನನಗೂ ಹಾರೋ ಹುಚ್ಚು. ಇಪ್ಪತ್ತು ವರ್ಷ ರೈಸ್ ಮಿಲ್ಲಿನಾಗ ಚೀಲ ಹೊಲಿದ ಕೈ ಇದು. ಚೀಲದ ಹೊಲಿಗಿ ಹಾಕೋದಽ ಬಿಚ್ಚಾಕ, ಒಂದ ತುದಿ ಜಗ್ಗಿದ್ರ ಎಲ್ಲಾ ಬರಬೇಕು. ಗೊತ್ತಿತ್ತು. ಆದ್ರ ಕೈ ಅದನ್ನಽ ಹಾಕ್ತು...

ಫೋನ್ ಯಾಕ ನನ್ನ ಮುಂದ ಇಟ್ಟಿ? ಯಾರಿಗೆ ಹಚ್ಚಿ?

ಹಲೋ... ಹೌದ್ರಿ ಸಾಹೇಬ್ರ, ಅಲ್ಲಾಭಕ್ಷ್. ಮುಂಜಾನಿ ಹೇಳಿದ್ನಲ್ರಿ, ಎಲ್ಲಾ ಖರೇನಽ ಐತ್ರಿ. ಹದ್ದು, ಕುರಿ, ಗುಡ್ಡ ಒದ್ದದ್ದು, ಎಲ್ಲಾ. ಒಂದ ಸಣ್ಣ ಮಾತಷ್ಟ ನಾ ಕಟ್ಟಿ ಹೇಳಿದ್ದೆ...

ಆ ತೇಪಿ ನಮ್ಮ ಹುಡುಗಿ ಹಾಕಿದ್ದಲ್ರಿ.