ಗುರುವಾರದ ಒಗೆಯೋ ಪಾಳಿ

ಅಲ್ಲ, ಚೀಟಿ ಅಂಟಿಸಿದ್ದು ನೀವೇ ಅಂತ ನಂಗೆ ಆಗಲೇ ಗೊತ್ತಾಯ್ತು, ಆಲ್ಗೋತ್ ಅವರೇ. ಅಷ್ಟು ದುಂಡಗಿನ ಅಕ್ಷರ ಈ ಕಟ್ಟಡದಲ್ಲಿ ಇನ್ಯಾರದ್ದಿದೆ? "ಮೂರನೇ ಮಹಡಿಯ ಮಲೀನ್ ಅವರಿಗೆ. ವಾರಕ್ಕೆ ಮೂರು ಪಾಳಿ ನೀವೇ ಹಿಡಿದ್ರೆ ಹೇಗೆ? ಇಡೀ ಕಟ್ಟಡಕ್ಕೆ ಇರೋದು ಇದೊಂದೇ ಒಗೆಯೋ ಕೋಣೆ, ನಮಗೂ ಬಟ್ಟೆ ಇದೆ." ಕೆಳಗೆ ನಗುಮುಖ ಬೇರೆ ಬರೆದಿದ್ದೀರಿ. ಬೈದಿದ್ದಕ್ಕೆ ಬೇಜಾರಿಲ್ಲ ನಂಗೆ, ಆ ನಗುಮುಖ ನೋಡೇ ಮೈ ಉರೀತು.

ಕೂತ್ಕೊಳ್ಳಿ. ಅಲ್ಲಿ ಬೇಡ, ಒದ್ದೆ ಇದೆ. ಇಲ್ಲಿ ಬನ್ನಿ, ಬಟ್ಟೆ ಮಡಿಸೋ ಮೇಜಿನ ಹತ್ರ. ಈ ಮಷೀನು ಇನ್ನೂ ಇಪ್ಪತ್ತು ನಿಮಿಷ ತಿರುಗತ್ತೆ. ಅಷ್ಟರಲ್ಲಿ ಎಲ್ಲ ಹೇಳ್ತೀನಿ, ಆಮೇಲೆ ನೀವೇ ನ್ಯಾಯ ಹೇಳಿ. ಪಾಳಿ ಮಾತ್ರ ಕಿತ್ಕೋಬೇಡಿ. ನಿಮ್ಮ ದಮ್ಮಯ್ಯ.

ಹೋದ ವರ್ಷ ಆಫೀಸಿನ ಡಾಕ್ಟರು ಹೇಳಿದ್ರು, ಮಲೀನ್, ನಿನ್ನ ಬದುಕು ಪೂರ್ತಿ ಕೆಲಸದ ಕಡೆಗೇ ವಾಲಿದೆ, ಹೀಗಾದ್ರೆ ಬಿದ್ದೋಗ್ತೀಯ ಅಂತ. ಸರಿ. ನಾನು ಮಾಡೋದೇನು? ರೈಲು ಹಳಿ ರಿಪೇರಿಗೆ ವೇಳಾಪಟ್ಟಿ ಹಾಕೋದು. ಯಾವ ಹಳಿ ಯಾವತ್ತು ಮುಚ್ಬೇಕು, ಯಾವ ರೈಲು ಎಲ್ಲಿ ನಿಲ್ಬೇಕು... ಅಂಥೋಳಿಗೆ ತನ್ನ ಬದುಕಿಗೊಂದು ವೇಳಾಪಟ್ಟಿ ಹಾಕೋದು ಯಾವ ಮಹಾ? ಅಡುಗೆಮನೆ ಗೋಡೆಗೆ ಹಲಗೆ ಹೊಡೆದೆ. ಹಳದಿ ಕಾರ್ಡು ಆಫೀಸಿಗೆ, ನೀಲಿ ಮನೆಗೆ, ಬಿಳಿ ನನಗೆ. ಎಡಗಡೆ ಮಾಡಬೇಕಾದ್ದು, ಬಲಗಡೆ ಮುಗಿದಿದ್ದು. ನಿಯಮ ಒಂದೇ. ದಿನ ಮುಗಿಯೋ ಹೊತ್ತಿಗೆ ಬಲಗಡೆ ಹಳದಿ ಎಷ್ಟಿದೆಯೋ ನೀಲಿನೂ ಅಷ್ಟೇ ಇರ್ಬೇಕು.

ಯಾಕೆ ನಗ್ತೀರಿ? ಮೊದಲ ತಿಂಗಳು ಚೆನ್ನಾಗೇ ನಡೀತು. ನಾಲ್ಕೂವರೆಗೆಲ್ಲ ಮನೆಗೆ ಬಂದೆ. ಮೆಟ್ಟಿಲ ಹತ್ರ ನೀವೇ ಸಿಕ್ಕಿ, ಇಷ್ಟು ಬೇಗ ಬಂದೆಯಲ್ಲ, ಹುಷಾರಿಲ್ವಾ ಅಂತ ಕೇಳಿರಲಿಲ್ವಾ?

ಬಿಳಿ ಕಾರ್ಡು ಮಾತ್ರ ನಿಲ್ಲಲೇ ಇಲ್ಲ. ನನಗೆ ಅಂತ ಒಂದು ಗಂಟೆ ಎತ್ತಿಟ್ರೆ ನಮ್ಮ ಬಾಸು ಅಲ್ಲಿಗೇ ಮೀಟಿಂಗ್ ತುರುಕ್ತಾನೆ. ಈಜಕ್ಕೆ ಹೋಗ್ಬೇಕು ಅಂದ್ರೆ, ನಾಳೆ ಈಜು ಅಂತಾನೆ. ಒಂದಿನ ಸಾಕಾಗಿ, ಇವತ್ತು ನನ್ನ ಒಗೆಯೋ ಪಾಳಿ ಅಂದುಬಿಟ್ಟೆ. ಅಷ್ಟೇ ನೋಡಿ, ಮೀಟಿಂಗೇ ಮುಂದಕ್ಕೆ ಹೋಯ್ತು. ನಮ್ಮ ಸ್ವೀಡನ್ನಿನಲ್ಲಿ ರಾಜನ ಮಾತಿಗೆ ಇಲ್ಲದ ಬೆಲೆ ಒಗೆಯೋ ಪಾಳಿಗಿದೆ. ಅವತ್ತೇ ಇಲ್ಲಿಗೆ ಇಳಿದು ಬಂದು ಈ ಪಾಳಿ ಬೋರ್ಡಿನಲ್ಲಿ ಮೂರು ಕಡೆ ಹೆಸರು ಬರೆದೆ. ಗುರುವಾರ, ಶನಿವಾರ, ಭಾನುವಾರ.

ತಪ್ಪೇ, ಒಪ್ತೀನಿ. ಆದ್ರೆ ಸುಮ್ನೆ ಕೂರಕ್ಕೆ ಬರ್ತೀನಿ ಅಂದ್ಕೋಬೇಡಿ. ಮನೇಲಿ ಮೂರು ಜನ ಇದ್ದೀವಿ. ನನ್ನ ಗಂಡ ಹಾಕನ್ ಮೇಲ್ಗಡೆ ಮನೇಲಿ ಆಲೂಗಡ್ಡೆ ಬೇಯಕ್ಕಿಟ್ಟಿದ್ದಾನೆ, ಅವನಿಗೇನು, ವಾರಕ್ಕೆರಡು ಶರ್ಟು. ಮಗಳದ್ದೇ ಕಷ್ಟ. ಹತ್ತು ವರ್ಷದ ಹುಡುಗಿ, ಕೆಸರು ಕಂಡ್ರೆ ಬಿಡಲ್ಲ. ನೋಡಿ, ಬುಟ್ಟಿ ತುಂಬ ನಮ್ಮ ತೂವಾ ಬಟ್ಟೇನೇ. ಕುದುರೆ ಚಿತ್ರದ ಅಂಗಿ, ಈ ಕೆಂಪು ಸ್ವೆಟರು... ಒಗೆದೂ ಒಗೆದೂ ಇಷ್ಟೇ ಇಷ್ಟಾಗಿದೆ.

ಸ್ವೆಟರನ್ನ ಯಾಕೆ ಮೂಸಿ ನೋಡ್ತೀರಿ? ಅದು ಮುಂದಿನ ಸಲಕ್ಕೆ, ಇನ್ನೂ ಒಗೆದಿಲ್ಲ. ಕೊಳೆ ಇದೆ. ನಿಮಗೆ ಕಾಣಲ್ಲ ಅಷ್ಟೆ, ಕನ್ನಡಕ ಹಾಕಿಲ್ಲ ನೀವು... ಓ. ಹಾಕಿದ್ದೀರಿ.

ಕೊಡಿ ಇಲ್ಲಿ, ಮಡಿಸ್ತೀನಿ.

ಯಾಕೆ ಚಾವಣಿ ಕಡೆ ನೋಡ್ತೀರಿ, ಆಲ್ಗೋತ್ ಅವರೇ? 

ನೀವು ನಮ್ಮ ಕೆಳಗಿನ ಮನೆಯೋರು. ನಾನು ಅದನ್ನೇ ಮರೆತೆ ನೋಡಿ. ತೂವಾ ಸಂಜೆ ಆರಕ್ಕೆ ಹಗ್ಗ ಹಿಡಿದು ಕುಪ್ಪಳಿಸೋಕೆ ಶುರು ಮಾಡಿದ್ರೆ, ನೀವು ಪೊರಕೆ ಕೋಲಲ್ಲಿ ಕೆಳಗಿನಿಂದ ಕುಟ್ತಿದ್ರಿ. ಅಮ್ಮಾ, ಆಲ್ಗೋತಜ್ಜ ತಾಳ ಹಾಕ್ತಿದ್ದಾರೆ ಅಂತಿದ್ಲು. ಕೊನೇ ಸಲ ಕುಟ್ಟಿದ್ದು ಯಾವಾಗ ನೀವು?

ಬೇಡ, ಹೇಳ್ಬೇಡಿ. ಫೆಬ್ರವರಿ. ಶಾಲೆಗೆ ಚಳಿಗಾಲದ ರಜ ಇತ್ತಲ್ಲ, ಆ ವಾರ.

ಆಲೂಗಡ್ಡೆ ಮಾತು ಸುಳ್ಳು, ಹಾಕನ್ ಅದಕ್ಕೂ ಮೊದಲೇ ಬೇರೆ ಮನೆ ಮಾಡಿದ್ದ. ಮಗು ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಅಂತ ಮಾತಾಗಿತ್ತು, ಎಲ್ಲರೂ ಮಾಡ್ಕೊಳ್ಳೋ ಹಾಗೆ. ಇಲ್ಲಿನ ವಾರ ಬೇಡ ಅಂದಿದ್ದು ಅವಳೇ. ನೀಲಿ ಕಾರ್ಡು ಅಂದ್ನಲ್ಲ... ಅದರಲ್ಲಿ ದಿನಾ ಒಂದು ಬರೀತಿದ್ದೆ. "ತೂವಾ, ಇಪ್ಪತ್ತು ನಿಮಿಷ." ಅವತ್ತು ಅವಳು ಏನೋ ಹೇಳ್ತಾ ಇದ್ಲು, ಸವಾರಿ ಶಾಲೆಯ ಕುದುರೆ ಕುಂಟ್ತಿದೆ ಅಂತ, ಪಾಪ ಅದಕ್ಕೆ ನೋವಾಗತ್ತೆ ಅಂತ. ಇಪ್ಪತ್ತು ನಿಮಿಷ ಆಯ್ತು ಅಂತ ಫೋನಿನ ಅಲಾರಂ ಹೊಡೀತು. ನಾನು ಎದ್ದು ಹೋಗಿ ಕಾರ್ಡು ಕಿತ್ತು ಬಲಕ್ಕೆ ಅಂಟಿಸಿದೆ. ಅಭ್ಯಾಸ, ಅಷ್ಟೆ. ಬೇಕಂತ ಮಾಡಿದ್ದಲ್ಲ. ತಿರುಗಿದ್ರೆ ಅವಳು ಹಲಗೇನೇ ನೋಡ್ತಿದ್ದಾಳೆ. ನಾನು ಮುಗಿದ್ನಾ ಅಮ್ಮ, ಅಂದ್ಲು.

ಭಾನುವಾರ ಫೋನ್ ಮಾಡ್ತಾಳೆ. ಒಳ್ಳೇ ಹುಡುಗಿ, ತಪ್ಪಿಸಲ್ಲ. ಇನ್ನೂ ಸ್ವಲ್ಪ ಮಾತಾಡು ಪುಟ್ಟಿ ಅಂದ್ರೆ, ಇಪ್ಪತ್ತು ನಿಮಿಷ ಆಯ್ತಲ್ಲಮ್ಮ ಅಂತಾಳೆ. ಸಿಟ್ಟಿಲ್ಲ ಅವಳಿಗೆ. ಸಿಟ್ಟು ಮಾಡ್ಕೊಂಡಿದ್ರೆ ಹೇಗೋ ರಮಿಸ್ಬಹುದಿತ್ತು.

ಹೂಂ, ಒಗೆದಿದ್ದನ್ನೇ ಒಗೀತೀನಿ. ಒಂದು ಅಂಗಿಗೆ ಒಂದು ನೀಲಿ ಕಾರ್ಡು. ಇಲ್ದಿದ್ರೆ ಹಲಗೆ ಪೂರ್ತಿ ಹಳದಿ ಆಗತ್ತೆ, ಅದನ್ನ ನೋಡ್ಕೊಂಡು ಒಬ್ಬಳೇ ಊಟ ಮಾಡಕ್ಕೆ ನನ್ನ ಕೈಲಿ ಆಗಲ್ಲ. ಹಲಗೆ ಕಿತ್ತುಹಾಕು ಅಂತೀರಾ? ಎಷ್ಟೋ ಸಲ ಕೈ ಹಾಕಿದೆ. ಅದರ ಮೇಲೆ ಅವಳ ಹೆಸರಿದೆ.

ಮಷೀನು ನಿಂತಿತು. ಕೂತಿರಿ, ನಾನೇ ತೆಗೀತೀನಿ. ಪಾಳಿ ಮೂರೂ ನೀವೇ ಇಟ್ಕೊಳ್ಳಿ, ಈಗಲೇ ಹೆಸರು ಹೊಡೆದುಹಾಕ್ತೀನಿ. ಆದ್ರೆ ಒಂದು ಉಪಕಾರ ಕೇಳ್ಲಾ? ಇವತ್ತು ಸಂಜೆ ಆರಕ್ಕೆ ನಾನು ಮೇಲೆ ಸ್ವಲ್ಪ ಕುಪ್ಪಳಿಸ್ತೀನಿ, ಜೋರಾಗೇ. ನೀವು ಆ ಪೊರಕೆ ತಗೊಂಡು ಕೆಳಗಿನಿಂದ ಕುಟ್ತೀರಾ?

ಒಂದೇ ಸಲ. ಸಾಕು.