ಮುಕ್ಕಾಲು ಹೊಲಿದ ಕೌದಿ

ಸುಲೋಚನಮ್ಮನವರ ಶ್ರದ್ಧಾಂಜಲಿ ಸಭೆಗೆ ಕೊಪ್ಪ, ಜಯಪುರ, ಭಂಡಿಗಡಿಗಳಿಂದ ಬಂದು ಸೇರಿದ ಹಿರಿಯರೇ, ಅವರ ಮಗ ಕುಮಾರ ಮತ್ತು ಮನೆಯವರೇ, ನಮ್ಮ ಶಾಲೆಯ ಆಡಳಿತ ಮಂಡಳಿಯ ಕಾರ್ಯದರ್ಶಿಗಳಾದ ಯಜ್ಞೇಶರೇ — ಎಲ್ಲರಿಗೂ ನಮಸ್ಕಾರ.

ಇಪ್ಪತ್ತೆರಡು ವರ್ಷ ಆ ಶಾಲೆಯಲ್ಲಿ ನಾನು ಕನ್ನಡ ಮೇಷ್ಟ್ರು, ಸುಲೋಚನಮ್ಮ ಹೊಲಿಗೆ ಟೀಚರು. ಸ್ಟಾಫ್ ರೂಮಿನಲ್ಲಿ ನಮ್ಮದು ಒಂದೇ ಮೇಜು. ನಾನು ಪದ ಬಿಡಿಸುತ್ತಿದ್ದೆ, ಅವರು ಹಳೆ ಬಟ್ಟೆಯ ಹೊಲಿಗೆ ಬಿಚ್ಚುತ್ತಿದ್ದರು. ಪ್ರಯೋಜನ ಯಾರಿಂದ ಜಾಸ್ತಿ ಆಯಿತು ಅಂತ ನಿಮ್ಮ ನಿಮ್ಮ ಅಡುಗೆಮನೆಯಲ್ಲಿ ನೋಡಿಕೊಳ್ಳಿ. ಬಿಸಿ ಪಾತ್ರೆ ಇಳಿಸಲು ಅವರು ಹೊಲಿದ ಮಸಿಬಟ್ಟೆ ಇರುತ್ತದೆ. ನನ್ನ ಸಂಧಿ, ಸಮಾಸ ಇರುವುದಿಲ್ಲ.

ಈಗಷ್ಟೇ ಮಾತಾಡಿದ ಯಜ್ಞೇಶರು, ಅವರ ಸೂಜಿ ನಮ್ಮ ಸಂಸ್ಕೃತಿಯನ್ನೇ ಹೊಲಿಯಿತು ಅಂದರು. ಚಪ್ಪಾಳೆ ತಟ್ಟಬಾರದ ಸಭೆ — ಆದರೂ ಇಬ್ಬರು ತಟ್ಟಿದಿರಿ. ಸಂತೋಷ. ಆ ಸೂಜಿ ಇದ್ದದ್ದು ಎಲ್ಲಿ, ಸ್ವಾಮಿ? ಮೆಟ್ಟಿಲ ಕೆಳಗೆ. ಹೊಲಿಗೆ ಕೋಣೆಯನ್ನು ನೀವು ಕಂಪ್ಯೂಟರಿಗೆ ಕೊಟ್ಟಿರಿ. ಕಂಪ್ಯೂಟರು ಎರಡು ವರ್ಷಕ್ಕೆ ಕೆಟ್ಟಿತು. ಹಳೆ ಕರ್ಟನ್ನಿನಲ್ಲಿ ಸುಲೋಚನಮ್ಮ ಅದಕ್ಕೆ ಹೊಲಿದ ಧೂಳಿನ ಕವರು ಇವತ್ತಿಗೂ ಗಟ್ಟಿ ಇದೆ.

ಹಳೆ ಯೂನಿಫಾರ್ಮಿನ ತುಂಡು ಸೇರಿಸಿ ಒಂದು ಕಾಲೊರಸು ಹೊಲಿದು ಆಫೀಸಿನ ಬಾಗಿಲಿಗೆ ಹಾಕಿದ್ದರು. ಕಾರ್ಯದರ್ಶಿಗಳು ಅದನ್ನು ಕೊಡೆಯ ತುದಿಯಲ್ಲಿ — ಹೀಗೆ — ಸತ್ತ ಹಾವನ್ನು ಎತ್ತಿದ ಹಾಗೆ ಎತ್ತಿ, ಇದೆಂತ, ಭಿಕ್ಷುಕರ ಛತ್ರವಾ ಅಂತ ಕೇಳಿದರು. ಮರುದಿನ 'ಸುಸ್ವಾಗತ' ಅಂತ ಬರೆದ ಪ್ಲಾಸ್ಟಿಕ್ ಮ್ಯಾಟು ಬಂತು. ಆಷಾಢದ ಮೊದಲ ವಾರವೇ ಆ ಸುಸ್ವಾಗತ ಕಾರ್ಯದರ್ಶಿಗಳನ್ನು ಅಂಗಾತ ಸ್ವಾಗತಿಸಿತು. ಸುಲೋಚನಮ್ಮ ನಗಲಿಲ್ಲ. ಸೊಂಟಕ್ಕೆ ಶಾಖ ಕೊಡಲಿ ಅಂತ ಅದೇ ಯೂನಿಫಾರ್ಮ್ ತುಂಡಿನಲ್ಲಿ ಚೀಲ ಹೊಲಿದು, ಉಪ್ಪು ತುಂಬಿ ಕಳಿಸಿದರು. ಇವರು ತೆಗೆದುಕೊಂಡರು. ಆಗ ಭಿಕ್ಷುಕರ ನೆನಪು ಬರಲಿಲ್ಲ.

ನಾನೇನು ದೊಡ್ಡ ಮನುಷ್ಯನಲ್ಲ. ನನ್ನ ಹರಿದ ಪಂಚೆ ಕೊಟ್ಟು, ಇದರಲ್ಲೊಂದು ಪುಷ್ಪಕ ವಿಮಾನ ಮಾಡಿಕೊಡಿ ಅಂದಿದ್ದೆ. ಕಾಫಿ ಸೋಸುವ ಬಟ್ಟೆ ಮಾಡಿಕೊಟ್ಟರು. ಮೇಷ್ಟ್ರ ಪಂಚೆಯ ಕಾಫಿ ಅಂತ ಸ್ಟಾಫ್ ರೂಮಿನಲ್ಲಿ ಒಂದು ವಾರ ಯಾರೂ ಕುಡಿಯಲಿಲ್ಲ.

ಹಳೆ ಸೀರೆ ಕೊಟ್ಟವರೆಲ್ಲ ಮೂಗು ಮುಚ್ಚಿಕೊಂಡೇ ಕೊಟ್ಟಿರಿ. ಅರಿವೆ ಕೊಟ್ಟಿರಿ, ಅರಿವು ಮನೆಯಲ್ಲೇ ಬಿಟ್ಟು ಬಂದಿರಿ. ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹೇಳುತ್ತಿದ್ದರು — "ನೋಡಿ ಮೇಷ್ಟ್ರೇ, ಕೂತು ಕೂತು ಸವೆದದ್ದು ಇಲ್ಲಿ. ಸೆರಗು ಇನ್ನೂ ಹೊಸದರ ಹಾಗೇ ಇದೆ. ಸವೆದದ್ದು ಒಳಗೆ ಹೋದರೆ ಮೆತ್ತಗೆ, ಗಟ್ಟಿಯದ್ದು ಹೊರಗೆ." ಕೌದಿಗೆ ಸರಿ. ನಮ್ಮಲ್ಲಿ ಕೆಲವರು ಹೊರಗೆ ಜರಿ, ಒಳಗೆ ಚಿಂದಿಯೂ ಇಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಕೊನೆಯ ಸಾಲಿನಲ್ಲಿ ಕೂತವಳು ನಿಶ್ಚಿತಾ, ಅವರ ಶಿಷ್ಯೆ. ಹೋದ ವರ್ಷ ತಾಯಿ ತೀರಿಕೊಂಡಾಗ ತಾಯಿಯ ಒಂಬತ್ತು ಸೀರೆ ತಂದು ಟೀಚರ ಮುಂದೆ ಇಟ್ಟಳು. ಉಡುವ ಹಾಗಿಲ್ಲ, ಬಿಸಾಡಲು ಮನಸ್ಸಿಲ್ಲ. ಅವನ್ನೇ ಸೇರಿಸಿ ಹೊದೆಯಲು ಒಂದು ಕೌದಿ ಹೊಲಿಯಲು ಸುಲೋಚನಮ್ಮ ಶುರು ಮಾಡಿದರು. ಮುಕ್ಕಾಲು ಆಗಿತ್ತು — ಅಷ್ಟರಲ್ಲಿ ಅವರೇ ಹೋದರು.

ನಿನ್ನೆ ಈ ಹುಡುಗಿ ಅವರ ಮನೆಗೆ ಹೋಗಿ ಕೌದಿ ಕೇಳಿದಳು. ಸತ್ತವರ ಬಟ್ಟೆಯೆಲ್ಲ ಒಟ್ಟಿಗೆ ಮೂಟೆ ಕಟ್ಟಿ ಆಗಿದೆ, ಹೊಳೆಗೆ ಬಿಡುವುದು, ಕಟ್ಟಿದ ಮೂಟೆ ಬಿಚ್ಚಬಾರದು ಅಂತ ಕುಮಾರ ಹೇಳಿದನಂತೆ. ಅದು ನನ್ನ ಅಮ್ಮನದು ಅಂದಳು ಇವಳು.

"ಅವರೂ ಸತ್ತವರೇ ಅಲ್ಲವಾ?"

ಇದು ಕುಮಾರನ ಉತ್ತರ. ತರ್ಕ ಚೆನ್ನಾಗಿದೆ ಮಾರಾಯ. ನಿನ್ನ ತಾಯಿ ಜೀವಮಾನವಿಡೀ ಬಿಚ್ಚಿ ಬಿಚ್ಚಿ ಹೊಲಿದವರು. ಅವರ ಮಗನಿಗೆ ಒಂದು ಗಂಟು ಬಿಚ್ಚಲು ಹೆದರಿಕೆ.

ಹೊಳೆಗೆ ಬಿಟ್ಟರೆ ಪುಣ್ಯವಂತೆ. ಯಾರಿಗೆ? ತುಂಗೆಯ ಮೀನು ಸೀರೆ ಉಡುವುದಿಲ್ಲ. ಮುಂದಿನ ತಿರುವಿನಲ್ಲಿ ಮೂಟೆ ಮರದ ಬೇರಿಗೆ ಸಿಕ್ಕಿ ಕೊಳೆಯುತ್ತದೆ. ಕೆಳಗಿನ ಊರಿನವರು ಮೂಗು ಮುಚ್ಚಿಕೊಂಡು, ನಿಮ್ಮ ಪುಣ್ಯವನ್ನು ಕೊಕ್ಕೆಯ ದೋಟಿ ಹಾಕಿ ದಡಕ್ಕೆ ಎಳೆಯುತ್ತಾರೆ. ಇವಳ ತಾಯಿಯ ಒಂಬತ್ತು ಸೀರೆಗೆ ನೀವು ಕೊಡುವ ಮರ್ಯಾದೆ ಅದು.

ಮೂಟೆ ಈಗ ಎಲ್ಲಿದೆ? ಈ ಬಾಗಿಲಿನ ಹೊರಗೆ, ಕುಮಾರನ ಜೀಪಿನಲ್ಲಿ. ಸಭೆ ಮುಗಿದ ಕೂಡಲೇ ಜೀಪು ಶೃಂಗೇರಿ ಕಡೆ ಹೊರಡುತ್ತದೆ. ಆದ್ದರಿಂದ ಸಭೆಯನ್ನು ಸ್ವಲ್ಪ ಬೇರೆ ರೀತಿ ಮುಗಿಸುತ್ತೇನೆ.

ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಯಜ್ಞೇಶರೇ, ನೀವೂ — ಸೊಂಟ ಈಗ ಸರಿ ಇದೆಯಲ್ಲ. ವಾಚು ನೋಡಬೇಡಿ, ಇವತ್ತಿನ ಮೌನಕ್ಕೆ ನಿಮಿಷದ ಲೆಕ್ಕ ಇಲ್ಲ.

ಕುಮಾರ, ನೀನು ನಿಲ್ಲುವುದು ಬೇಡ. ಹೊರಗೆ ಹೋಗಿ ಮೂಟೆ ಬಿಚ್ಚು. ಆ ಕೌದಿ ತಂದು ನಿಶ್ಚಿತಾಳ ಕೈಗೆ ಕೊಡು. ನಿನ್ನ ಅಮ್ಮನ ಸೂಜಿ ಇನ್ನೂ ಅದರಲ್ಲೇ ಚುಚ್ಚಿಕೊಂಡಿರಬಹುದು, ಕೈ ಜಾಗ್ರತೆ. ಅವಸರ ಮಾಡಬೇಡ — ನೀನು ಬರುವವರೆಗೆ ನಾವು ಯಾರೂ ಮಾತಾಡುವುದಿಲ್ಲ, ಕೂರುವುದೂ ಇಲ್ಲ.