ಪೀಚ್ ಹಣ್ಣಿನ ಬೋರ್ಡು

...ಬೇಡ ಅಂದ್ರೆ ಬೇಡ, ಹಾಲಿಸ್! ಇಡು ಕೆಳಗೆ. ಅಂಗೈ ಅಗಲದ ಡಬ್ಬಿ, ಅದು ನಮಗೆ ದಾರಿ ತೋರಿಸುತ್ತಂತೆ! ಹಾಗಾದ್ರೆ ನಾನೇನು ನಿನ್ನ ಪಕ್ಕದ ಸೀಟಲ್ಲಿ ಆಲೂಗಡ್ಡೆ ಮೂಟೆ ಥರ ಕೂತಿರ್ಲಾ? ಮದುವೆಯಾಗಿ ನಲವತ್ತಾರು ವರ್ಷ. ಮೊದಲು ನಿನ್ನ ಆ ತುಕ್ಕು ಹಿಡಿದ ಪಿಕಪ್ ಟ್ರಕ್ಕು, ಈಗ ಹನ್ನೊಂದು ವರ್ಷದಿಂದ ಒಲೆ, ಹಾಸಿಗೆ ಎಲ್ಲಾ ಒಳಗೇ ಇರೋ ಈ ಮನೆಗಾಡಿ. ನಕ್ಷೆ ಪುಸ್ತಕ ಯಾರ ತೊಡೆ ಮೇಲಿತ್ತು? ಹೇಳು! ಈ ಓಪಲ್ ತೊಡೆ ಮೇಲೆ!

ಹೇಳು ಅಂದ್ರೆ... ಸರಿ ಸರಿ, ಗಂಟಲು ಮುಟ್ಟಿ ತೋರಿಸ್ಬೇಡ, ಗೊತ್ತು. ಏಪ್ರಿಲ್‌ನಲ್ಲಿ ಡಾಕ್ಟರು ನಿನ್ನ ಧ್ವನಿಪೆಟ್ಟಿಗೆ ತೆಗೆದು ಹಾಕಿದಾಗಿನಿಂದ ನಮ್ಮ ಜಗಳದಲ್ಲಿ ಸ್ವಾರಸ್ಯವೇ ಇಲ್ಲ. ನಾನೇ ಬಯ್ಯಬೇಕು, ನಿನ್ನ ಪರವಾಗಿ ನಾನೇ ನನ್ನನ್ನ ತಿರುಗಿ ಬಯ್ದುಕೊಳ್ಳಬೇಕು. ಎರಡಾಳಿನ ಕೆಲಸ ಒಬ್ಬಳ ಮೇಲೆ!

ನಗ್ತೀಯಾ? ನಗು. ಆಚೆ ನಿಂತಿದೆಯಲ್ಲ ನಮ್ಮ ಗಾಡಿ, ತಲೆ ಬೋಳಿಸಿಕೊಂಡು, ಅದನ್ನ ನೋಡಿ ನಗು. ಮೂರು ದಿನದ ಹಿಂದೆ ನೆತ್ತಿ ಮೇಲೆ ಏಸಿ ಇತ್ತು, ಈಗ ನೀಲಿ ಟಾರ್ಪಾಲು. ಗಾಡಿ ಎತ್ತರ ಹನ್ನೆರಡಡಿ ಏಳಿಂಚು, ಸೇತುವೆ ಕೆಳಗೆ ಜಾಗ ಹನ್ನೊಂದಡಿ. ಆ ಸದ್ದು! ಡಬ್ಬದ ಮುಚ್ಚಳ ಕಿತ್ತ ಹಾಗೆ... ಅಬ್ಬಬ್ಬಾ. ಬೀರುವಿನಲ್ಲಿದ್ದ ತಟ್ಟೆ ಒಂದೂ ಉಳೀಲಿಲ್ಲ.

ಹಾಗೆ ನೋಡ್ಬೇಡ ನನ್ನ. ಅದು ನನ್ನ ತಪ್ಪಾ? ಬೋರ್ಡಿನ ಮೇಲೆ ಬಿಸಿಲು ಬಿದ್ದಿತ್ತು. ಅರ್ಧಕ್ಕೆ ಬಳ್ಳಿ ಹಬ್ಬಿತ್ತು. ನೀನು ಆ ಹಾಲಿನ ಲಾರಿಗೆ ಜಾಗ ಬಿಡೋಕೆ ಕನ್ನಡಿ ನೋಡ್ಕೊಂಡು, ಗಡಿಬಿಡೀಲಿ ಬೋರ್ಡಿನ ಕಡೆ ಬೆರಳು ಮಾಡಿ ಹುಬ್ಬು ಕುಣಿಸಿದೆ, ಏನದು ಅಂತ. ನಾನು ಹೇಳಿದೆ. ಪೀಚ್ ಹಣ್ಣು ಮಾರ್ತಾರಂತೆ, ಎಡಗಡೆ ಅಂಗಡಿ, ನೀನು ನೆಟ್ಟಗೆ ಹೋಗು ಅಂತ. ಬಾಣದ ಗುರುತು ಇತ್ತಲ್ಲ ಎಡಕ್ಕೆ! ಹಣ್ಣಿನಂಗಡಿಯವರು ತಾನೇ ಹಾಗೆ ಬಾಣ ಬರೆಯೋದು?

ಏನು? ಬೆರಳು ಮಡಿಸಿ ಏನೋ ಎಣಿಸ್ತಿದೀಯ... ಜೂನು, ಜುಲೈ, ಆಗಸ್ಟು... ಓ. ಅಕ್ಟೋಬರ್‌ನಲ್ಲಿ ಪೀಚ್ ಎಲ್ಲಿಂದ ಬಂತು ಅಂತಲೋ? ಹಳೇ ಬೋರ್ಡು ಕಣಯ್ಯಾ! ತೆಗೆದಿರಲಿಲ್ಲ. ಸೋಮಾರಿ ಜನ.

ಇರಲಿ ಬಿಡು. ಈ ಅಂಗಡಿ ಹುಡುಗಿ ಟ್ವೈಲಾನ ನೋಡು, ಕುದುರೆ ವ್ಯಾಪಾರದವಳ ಹಾಗೆ ನಾಲ್ಕು ಜಿಪಿಎಸ್ ಸಾಲಾಗಿ ಕಟ್ಟಿದ್ದಾಳೆ. ಈ ಮೊದಲನೇದು? ಅಮ್ಮಮ್ಮಾ, ಗೋಡೆ ಟಿವಿಯಷ್ಟಿದೆ. ಇದನ್ನ ಮುಂದಿನ ಗಾಜಿಗೆ ಅಂಟಿಸಿದ್ರೆ ರಸ್ತೆ ಎಲ್ಲಿ ಕಾಣುತ್ತೆ? ಎರಡನೇದು ಚೆನ್ನಾಗಿದೆ, ಗದ್ದಲ ಇಲ್ಲ, ಬರೀ ಚಿತ್ರ, ಬಣ್ಣ ಬಣ್ಣದ ಗೆರೆ. ಇದನ್ನ ಬೇಕಾದ್ರೆ ತಗೋ. ಮೂರನೇದು... ಥೂ! ಅಕ್ಷರ ಒತ್ತಿ ಒತ್ತಿ ಊರಿನ ಹೆಸರು ಬರೀಬೇಕಂತೆ. ಇರುವೆ ಸಾಲಿನಂಥ ಅಕ್ಷರ! ನನ್ನ ಬೆರಳು ನೋಡು, ಒಂದು ಒತ್ತಿದ್ರೆ ನಾಲ್ಕಕ್ಕೆ ತಾಗುತ್ತೆ. ನನಗೆ ಊರಿನ ಹೆಸರು ಯಾಕೆ ಬೇಕು? ಸೂರಿನ ಮೇಲೆ ಕಬ್ಬಿಣದ ಕೋಳಿ ನಿಂತಿರೋ ಪೆಟ್ರೋಲ್ ಬಂಕ್ ಬಂತಾ, ಬಲಕ್ಕೆ. ಐವತ್ತೈದು ಅಂತ ಗುರಾಣಿ ಆಕಾರದ ನೀಲಿ ಹೆದ್ದಾರಿ ಬೋರ್ಡು ಬಂತಾ, ದಕ್ಷಿಣಕ್ಕೆ. ಹೀಗೆ ಹೇಳಿ ಹೇಳಿ ತಾನೇ ಪ್ರತಿ ಚಳಿಗಾಲ ನಿನ್ನನ್ನ ಸಮುದ್ರದ ಮುಂದೆ ತಂದು ನಿಲ್ಲಿಸಿದ್ದು? ಒಂದು ಸಲಾನಾದ್ರೂ ತಪ್ಪಿದೀನಾ?

...ಈ ಸಲ ಬಿಟ್ಟು. ಈ ಸಲದ್ದು ಬಿಡು ಅಂದೆನಲ್ಲ!

ಮತ್ತೆ ಆ ಕೊನೇದರ ಮೇಲೇ ಕೈ. ಮೂರು ಸಲ ಇಟ್ಟೆ ನಾನು, ಮೂರು ಸಲ ಎತ್ತಿಕೊಂಡೆ ನೀನು. ನಾಲ್ಕರಲ್ಲಿ ಅತ್ಯಂತ ಕುರೂಪದ್ದು. ಮೂಲೆ ಒಡೆದ ಹಾಗಿದೆ. ಮೇಲಾಗಿ ಬಾಯಿಬಡುಕಿ! ಕೇಳು, ಕೇಳು... 'ಮುಂದೆ ಅರ್ಧ ಮೈಲಿಗೆ ತಗ್ಗು ಸೇತುವೆ'... 'ಬಲಕ್ಕೆ ತಿರುಗಿ, ಹೊಳೆದಂಡೆ ರಸ್ತೆ'... ಎಲ್ಲಾ ಹೆಸರೂ ಬೊಗಳುತ್ತೆ. ನನ್ನ ಬಾಯಿ ಸಾಲದು ಅಂತ ಇನ್ನೊಬ್ಬ ಹೆಂಗಸನ್ನ ಗಾಡಿಗೆ ಹತ್ತಿಸ್ತಿದೀಯಾ, ಮುದುಕಾ? ಈ ವಯಸ್ಸಲ್ಲಿ?

ಆದ್ರೂ ನಿನಗೆ ಇದು ಇಷ್ಟವಾಗಿದ್ದು ಆಶ್ಚರ್ಯವೇನಲ್ಲ. ನಿನ್ನದೇ ಚಾಳಿ ಇದಕ್ಕೂ. ಯಪ್ಪಾ, ನಿನ್ನ ಆ ಹುಚ್ಚು! ರಸ್ತೇಲಿ ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದೋದು, ಒಂದನೇ ಕ್ಲಾಸಿನ ಮಗು ಥರ. 'ಓಪಲ್, ಸೈಕ್‌ಸ್ಟನ್ ಹನ್ನೆರಡು ಮೈಲಿ.' 'ಓಪಲ್, ಬಿಸಿ ಕಡಲೆಕಾಯಿ.' 'ಓಪಲ್, ಜಿಂಕೆ ಅಡ್ಡ ಬರುತ್ತವಂತೆ.' ಹೋಟೆಲಿಗೆ ಹೋದ್ರೆ ತಿಂಡಿ ಪಟ್ಟಿ ಮೇಲಿಂದ ಕೆಳಗೆ ಪಾರಾಯಣ, ಪಕ್ಕದ ಮೇಜಿನವರು ತಿರುಗಿ ನೋಡೋ ಹಾಗೆ. ಕಾಗದ ಬಂದ್ರೆ ಅಡುಗೆಮನೆ ಬಾಗಿಲಲ್ಲಿ ನಿಂತು ಓದೋದು. ನನಗೆ ಎಷ್ಟು ನಾಚಿಕೆ ಆಗ್ತಿತ್ತು ಗೊತ್ತಾ? ಸಾಕು ಸುಮ್ನಿರು, ನನಗೇನು ಕಣ್ಣಿಲ್ವಾ ಅಂತ ಎಷ್ಟು ಸಲ ಬಯ್ದಿಲ್ಲ! ಬಯ್ದ್ರೂ ನಿಲ್ಲಿಸಿದೆಯಾ? ಗಂಟಲು ಹೋಗೋವರೆಗೂ ನಿಲ್ಲಿಸಲಿಲ್ಲ.

ಏನಮ್ಮಾ ಟ್ವೈಲಾ? ಈ ಕಾಗದಾನಾ? ನಾಲ್ಕರ ಗುಣಾನೂ ಇದರಲ್ಲಿ ಬರೆದಿದೆಯಾ, ನಾನೇ ಓದಿ ಆರಿಸಬೇಕಾ... ಕೊಡು, ಕೊಡು. ಹ್ಞೂಂ... ಹ್ಞೂಂ... ಕನ್ನಡಕ ಗಾಡೀಲೇ ಬಿಟ್ಟೆ ನೋಡು, ಇಲ್ಲದಿದ್ರೆ...

ಹಾಲಿಸ್! ನನ್ನ ಕೈಯಿಂದ ಯಾಕೆ ಕಿತ್ಕೊಂಡೆ? ಅವಳಿಗೇ ವಾಪಸ್ ಕೊಡೋದಾ? ನಾನು ಓದ್ತಾ ಇರ್ಲಿಲ್ವಾ?

ಕನ್ನಡಕ? ಕನ್ನಡಕ ನನ್ನ ತಲೆ ಮೇಲೆ... ಓ. ಇಲ್ಲೇ ಇದೆ.

ಟ್ವೈಲಾ, ನೀನು ಹೋಗಿ ಆ ಗಿರಾಕೀನ ನೋಡಮ್ಮ.

ಯಾಕೆ ಹಾಗೆ ಬೂಟು ನೋಡ್ಕೊಂಡು ನಿಂತೆ? ನೋಡು ಇಲ್ಲಿ. ನಿನ್ನ ಕೊರಳಲ್ಲಿ ಆ ಬಿಳಿ ಹಲಗೆ ತೂಗ್ತಾ ಇದೆಯಲ್ಲ, ಆಸ್ಪತ್ರೆಯವರು ಕೊಟ್ಟದ್ದು. ಬೆಳಿಗ್ಗೆ ಮೆಕ್ಯಾನಿಕ್ಕಿಗೆ ಅದರ ಮೇಲೆ ಪುರಾಣ ಬರೆದೆ. ಈ ಹುಡುಗಿಗೆ ಬರೆದೆ. ನಾವು ರಾತ್ರಿ ತಂಗಿರೋ ಕ್ಯಾಂಪಲ್ಲಿ ಪಕ್ಕದ ಗಾಡಿಯವನಿಗೆ ಜೋಕು ಬರೆದೆ, ಅವನು ಹೊಟ್ಟೆ ಹಿಡ್ಕೊಂಡು ನಕ್ಕ. ಏಪ್ರಿಲಿನಿಂದ ಇವತ್ತಿನವರೆಗೆ ನನಗೆ ಒಂದು ಸಾಲು ಬರೆದಿದೀಯಾ? ಒಂದೇ ಒಂದು? ನನಗೆ ಮಾತ್ರ ಹುಬ್ಬು, ಬೆರಳು, ಭುಜ. ಯಾಕೆ? ಕಟ್ಟಿಕೊಂಡ ಹೆಂಡತಿ ಅಷ್ಟು ಅಗ್ಗವಾ?

ಬರಿ! ಈಗ ಬರಿ, ಯಾಕೆ ಅಂತ. ಪೆನ್ನಿನ ಮುಚ್ಚಳ ತೆಗಿ. ಹಾಂ, ಹಾಗೆ. ಬರಿ. ನಾನು ಓದ್ತೀನಿ.

...

ಮುಚ್ಚಳ ಯಾಕೆ ಹಾಕಿದೆ?

ಹಾಲಿಸ್.

...

ಎಷ್ಟು ದಿನದಿಂದ ಗೊತ್ತು? ಮೂರು ದಿನದಿಂದಾನಾ? ಪೀಚಿನಿಂದಾನಾ?

ತಲೆ ಆಡಿಸ್ಬೇಡ, ಹೇಳು... ಅದಕ್ಕೂ ಮುಂಚೆ? ಈ ಗಾಡಿಗೂ ಮುಂಚೆ? ...ಮದುವೆ ಕಾಗದಕ್ಕೆ ಸಹಿ ಹಾಕೋವಾಗ ನನ್ನ ಬೆರಳು ನಡುಗಿತ್ತು, ಚಳಿ ಅಂತ ಅಂದಿದ್ದೆ ನಾನು... ಆಗಲೇ?

ದೇವರೇ.

ಆರು ಜನ ತಮ್ಮಂದಿರು, ಹಾಲಿಸ್. ಅಮ್ಮನ ಎದೇಲಿ ಕಫ, ಅಪ್ಪ ಗಣೀಲಿ. ಸ್ಕೂಲಿನ ಗಂಟೆ ನಮ್ಮ ಕಣಿವೆಗೆ ಕೇಳಿಸ್ತಿತ್ತು, ಅಷ್ಟೇ; ಒಳಗೆ ಕಾಲಿಡಲಿಲ್ಲ ನಾನು. ಹೇಳಬೇಕು ಅಂತ ಎಷ್ಟೋ ಸಲ... ಆದ್ರೆ ನೀನು ನಕ್ಷೆ ಪುಸ್ತಕ ತಂದು ನನ್ನ ತೊಡೆ ಮೇಲಿಟ್ಟು, ದಾರಿ ನೀನೇ ಹೇಳು ಓಪಲ್, ನನಗೆ ದಿಕ್ಕು ತಿಳಿಯಲ್ಲ ಅಂದೆ. ಎಂಥಾ ಸುಳ್ಳ! ನಿನಗೆ ದಿಕ್ಕು ತಿಳಿಯಲ್ವಾ? ನನ್ನನ್ನ ದೊಡ್ಡವಳನ್ನಾಗಿ ಮಾಡೋಕೆ... ಆಮೇಲೆ ಬೋರ್ಡು ಬೋರ್ಡೂ ಕೂಗಿ ಕೂಗಿ... ಛೇ, ಬಯ್ದೆನಲ್ಲೋ ನಿನಗೆ. ದಿನಾ ಬಯ್ದೆ.

ಕರ್ಚೀಫು ಬೇಡ. ಮೂಗು ಸೋರ್ತಿಲ್ಲ. ಅಂಗಡೀಲಿ ಧೂಳು.

ಟ್ವೈಲಾ! ಆ ಕುರೂಪದ್ದನ್ನೇ ಕಟ್ಟಿಕೊಡಮ್ಮ, ಬಾಯಿಬಡುಕೀನ. ದನಿ ಮಾತ್ರ ಚೆನ್ನಾಗಿಲ್ಲ, ಮೊದಲೇ ಹೇಳಿರ್ತೀನಿ. ಬಿಸಿ ಕಡಲೆಕಾಯಿ ಎಲ್ಲಿ ಸಿಗುತ್ತೆ ಅಂತ ಹೇಳುತ್ತಾ? ಹೇಳಲ್ವಾ? ನನಗೆ ಗೊತ್ತಿತ್ತು.

ಇಲ್ಲಿ ಬಾ, ಮುದುಕಾ. ಆ ಹಲಗೆ ಕೊರಳಿಂದ ತೆಗಿ. ಗುದ್ದಿದ ಮೇಲೆ ಹಿಂದಕ್ಕೆ ನಡೆದು ಹೋಗಿ ನೋಡಿ ಬಂದೆಯಲ್ಲ, ಮೊನ್ನೆಯ ಬೋರ್ಡಲ್ಲಿ ಏನಿತ್ತೋ ಅದನ್ನ ಬರಿ. ದೊಡ್ಡದಾಗಿ, ಬಿಡಿ ಬಿಡಿಯಾಗಿ... ಇಷ್ಟುದ್ದವಾ? ಅಬ್ಬಾ, ಇಷ್ಟೆಲ್ಲ ಇತ್ತಾ?

ಇದರಲ್ಲಿ ಪೀಚ್ ಎಲ್ಲೂ ಇಲ್ವಾ, ಹಾಲಿಸ್? ಒಂದೂ ಇಲ್ವಾ?

ನಗಬೇಡ. ಬೆರಳಿಟ್ಟು ತೋರಿಸು, ಮೊದಲನೇ ಅಕ್ಷರ ಯಾವುದು.